ಉಣ್ಣೆಯ ತುಣುಕು

ಮಾಳಿಂಗಪ್ಪ ಧೂಳಪ್ಪನ ಹೆಣ ಇಳಿಸಲು ತೋಡಿದ ಕುಣಿಯ ತಳಕ್ಕೆ ಉಪ್ಪು ಸುರಿಯುತ್ತಿದ್ದಾಗ ಸಕ್ಕರೆ ಕಾರ್ಖಾನೆಯ ಜೀಪು ಹೊಲದ ಬದುವಿನಲ್ಲಿ ನಿಂತಿತು. ಇಳಿದವನು ಕೆಮಿಸ್ಟ್ ಶ್ರೀಶೈಲಪ್ಪ. ಹತ್ತು ದಿನದ ಹಿಂದೆ ಧೂಳಪ್ಪನನ್ನು ಕೆಲಸದಿಂದ ಬಿಡಿಸಿದವನು ಅವನೇ.

“ಮಷೀನ್ ಬಿಟ್ಟು ಹೆಂಗ ಬಂದ್ರಿ ಸಾಹೇಬ್ರ?” ಧೂಳಪ್ಪನ ಪಾಳಿಯ ಜೊತೆಗಾರನಾಗಿದ್ದ ಮಾಳಿಂಗಪ್ಪ ತಲೆಯೆತ್ತದೆ ಕೇಳಿದ.

ಶ್ರೀಶೈಲಪ್ಪ ಚಪ್ಪಲಿ ಬಿಟ್ಟು ಕುಣಿಯ ಹತ್ತಿರ ಬಂದ. ಕಾರ್ಖಾನೆಯಲ್ಲಿ ಬೆಳಗಿನಿಂದ ಕಬ್ಬಿನ ಹಾಲು ಕಪ್ಪಾಗಿ ಬರುತ್ತಿತ್ತು. ಹುಳಿ ಅಳೆಯುವ ಮಷೀನಿನ ಮುಳ್ಳು ಮಾತ್ರ ಏಳರ ಮೇಲೆ ನೆಟ್ಟಗೆ ನಿಂತಿತ್ತು.

*

ಹುಳಿಯಾದ ಕಬ್ಬಿನ ಹಾಲಿಗೆ ಸುಣ್ಣದ ನೀರು ಬಿಟ್ಟು ಹದಕ್ಕೆ ತರುವುದು ಧೂಳಪ್ಪನ ಕೆಲಸವಾಗಿತ್ತು. ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ, ಕೈಯಿಂದ ನಳ ತಿರುಗಿಸುತ್ತಿದ್ದ. ಸುಣ್ಣ ಹೆಚ್ಚಾದರೆ ಹಾಲು ಕಪ್ಪಾಗುತ್ತಿತ್ತು. ಎಪ್ಪತ್ನಾಲ್ಕರಲ್ಲಿ ಮಷೀನು ಬಂತು. ಅದರ ಗಾಜಿನ ಕಡ್ಡಿ ಹಾಲಿನಲ್ಲಿ ಮುಳುಗಿ ಹುಳಿ ಅಳೆಯುತ್ತಿತ್ತು. ಮುಳ್ಳು ಹದದ ಅಂಕಿಯಾದ ಏಳನ್ನು ದಾಟುವವರೆಗೆ ಸುಣ್ಣದ ನಳ ತಾನೇ ತೆರೆದಿದ್ದು, ದಾಟಿದ ಕೂಡಲೇ ಮುಚ್ಚುತ್ತಿತ್ತು. ಧೂಳಪ್ಪನಿಗೆ ನೆಲ ತೊಳೆಯುವುದಷ್ಟೇ ಉಳಿಯಿತು. ‘ಪುಕ್ಕಟೆ ಪಗಾರದ ಧೂಳಪ್ಪ’ ಎಂದು ಮೊದಲು ಕರೆದವನು ಮಾಳಿಂಗಪ್ಪ. ಧೂಳಪ್ಪ ನಕ್ಕು ಬಿಡುತ್ತಿದ್ದ.

ಮೂರು ಹಂಗಾಮು ಮಷೀನು ಒಮ್ಮೆಯೂ ತಪ್ಪಲಿಲ್ಲ. ಇನ್ನು ಈ ಮನುಷ್ಯ ಬೇಕಿಲ್ಲವೆಂದು ಶ್ರೀಶೈಲಪ್ಪ ಬರೆದುಕೊಟ್ಟ. ಕೊನೆಯ ದಿನ ಧೂಳಪ್ಪ ಬಾಗಿಲಲ್ಲಿ ನಿಂತು, “ಸಾಹೇಬ್ರ, ಆ ಕಡ್ಡಿ...” ಎಂದಿದ್ದ. ಶ್ರೀಶೈಲಪ್ಪ ನಾಳೆ ಬಾ ಎಂದಿದ್ದ. ಮರುದಿನ ಗೇಟಿನವನು ಅವನನ್ನು ಒಳಗೆ ಬಿಡಲಿಲ್ಲ.

*

ಎಲ್ಲರೂ ಮಣ್ಣು ಹಾಕಿದ ಮೇಲೆ ಧೂಳಪ್ಪನ ಹೆಂಡತಿ ಶಂಕ್ರೆವ್ವ ಸಂಚಿಯಿಂದ ಕುರಿಯ ಉಣ್ಣೆಯ ತುಣುಕೊಂದನ್ನು ತೆಗೆದಳು. ಸುಣ್ಣ ಹತ್ತಿ ಬಿರುಸಾಗಿತ್ತು.

“ಕುಣ್ಯಾಗ ಹಾಕಬೇಕಂತ ತಂದಿದ್ದೆ, ಮನಸಾಗ್ಲಿಲ್ಲ. ದಿನಾ ಡ್ಯೂಟಿಗಿ ಒಯ್ತಿದ್ರು.”

“ಯಾತಕ್ಕ ಅವ್ವಾ?” ಎಂದ ಶ್ರೀಶೈಲಪ್ಪ.

“ಆಸಿಡ್ ನೀರಾಗ ಅದ್ದಿ ಗಾಜಿನ ಕಡ್ಡಿ ಒರಸ್ತಿದ್ರು, ಪಾಳಿಗೊಮ್ಮೆ. ಸುಣ್ಣ ಕಟ್ಟಿದ್ರ ಅದು ಸುಳ್ಳ ಹೇಳ್ತೈತಿ ಅಂತಿದ್ರು.”

ಶ್ರೀಶೈಲಪ್ಪ ಉಣ್ಣೆಗೆ ಹತ್ತಿದ ಸುಣ್ಣ ಮುಟ್ಟಿ ನೋಡಿದ. “ಅವರು ಪುಕ್ಕಟೆ ಪಗಾರ ತಿಂದಿಲ್ಲವ್ವಾ.”

“ನನಗ ಗೊತ್ತೈತ್ರಿ. ಹಂಗ ಅಂದವರಿಗೆ ಹೇಳ್ರಿ.”

ಅವಳು ಮಾಳಿಂಗಪ್ಪನ ಕಡೆ ನೋಡಲಿಲ್ಲ. ಉಣ್ಣೆಯನ್ನು ಕೆಮಿಸ್ಟನ ಅಂಗೈಯಲ್ಲಿಟ್ಟಳು.

*

ಕಾರ್ಖಾನೆಯಲ್ಲಿ ಶ್ರೀಶೈಲಪ್ಪ ಪಾಳಿಯವರನ್ನೆಲ್ಲ ಮಷೀನಿನ ಹತ್ತಿರ ಕರೆದ. ಧೂಳಪ್ಪ ಮೂರು ಹಂಗಾಮು ದಿನವೂ ಮಾಡಿದ ಕೆಲಸ ಇದು ಎಂದು ಹೇಳಿ, ಉಣ್ಣೆಯನ್ನು ಅದ್ದಿ, ಕಡ್ಡಿಯ ತುದಿ ಒರೆಸಿದ. ಬಿಳಿಯ ಪೊರೆ ಕರಗಿತು. ಕಡ್ಡಿ ತೊಳೆದು ಮತ್ತೆ ಹಾಲಿಗಿಳಿಸಿದ.

ಮುಳ್ಳು ನಡುಗಿ, ಏಳನ್ನು ಬಿಟ್ಟು ಒಂಬತ್ತಕ್ಕೆ ಹತ್ತಿತು. ಸುಣ್ಣದ ನಳ ತಾನೇ ಮುಚ್ಚಿಕೊಂಡಿತು.

ಮಾಳಿಂಗಪ್ಪ ಉಣ್ಣೆಯನ್ನು ಇಸಿದುಕೊಂಡು ಹಿಂಡಿದ. ಮಷೀನಿನ ಪಕ್ಕದ ಗೋಡೆಯಲ್ಲಿ ಒಂದು ಮೊಳೆ ಇತ್ತು. ಅದು ಅಲ್ಲಿ ಏಕಿದೆಯೆಂದು ಯಾರೂ ಕೇಳಿರಲಿಲ್ಲ. ಅವನು ಉಣ್ಣೆಯನ್ನು ಅದಕ್ಕೆ ತೂಗುಹಾಕಿದ. ಮೊಳೆಯ ಕೆಳಗೆ, ಹನಿ ಬಿದ್ದು ಬಿದ್ದು ಸವೆದ ಗೋಡೆಯ ಬಿಳಿ ಗೆರೆಯ ಮೇಲೆ, ಮತ್ತೊಂದು ಹನಿ ಇಳಿಯಿತು.