ಪೆಟ್ಟು ಎಣಿಸುವ ಪಟ್ಟಿ

“ಏ ರಂಡಿ, ಪರಸಿ ಕಲ್ಲ ಎಬ್ಬಸಾಕ ಬಂದೀಯೋ, ಮಕ್ಕೊಳ್ಳಾಕ ಬಂದೀಯೋ?”

ಆಳುಗಳ ಮೇಲಿನ ಮುಕಾದಮ ಅಣವೀರ ಫೋನನ್ನು ಜಗದೇವಿಯ ಮುಖಕ್ಕೆ ಹಿಡಿದ. ಕಲ್ಲಿನ ಖಣಿಯ ಮಾಲೀಕರು ತಿಂಗಳ ಹಿಂದೆ ಎಲ್ಲರ ಮಣಿಕಟ್ಟಿಗೂ ಕರಿಯ ಪಟ್ಟಿ ಕಟ್ಟಿಸಿದ್ದರು. ಕೈ ಜೋರಾಗಿ ಆಡಿದಷ್ಟೂ ಫೋನಿನಲ್ಲಿ ಅಂಕ ಏರುತ್ತಿತ್ತು. ಇಂದು ಸಂಜೆ ಯಾರ ಅಂಕ ಹೆಚ್ಚೋ ಅವಳೊಬ್ಬಳಿಗೆ ನಾಳೆಯಿಂದ ಪಾಲಿಶ್ ಶೆಡ್ಡಿನ ನೆರಳಿನ ಕೆಲಸ. ಉಳಿದವರಿಗೆ ಶಹಾಬಾದಿನ ಬೇಸಿಗೆ.

“ಹಮೀದಾಬಿದು ತೊಂಬತ್ತೊಂದು. ನಿಂದು ಮೂವತ್ತೆಂಟು.”

“ಆಕಿ ಇಡಿಯಾಗಿ ಎಬ್ಬಿಸಿದ್ದೆಷ್ಟು, ಒಡದಿದ್ದೆಷ್ಟು, ಅದನ್ನ ನೋಡ್ರಿ ಮುಕಾದಮ್ರ.”

“ಮಷೀನು ಸುಳ್ಳ ಹೇಳ್ತದೇನು? ಗಂಡ ಸತ್ತಾಗಿಂದ ನಿನ್ನ ಕೈನೂ ಸತ್ತಾವ.”

ಕಲ್ಲೆಬ್ಬಿಸುವುದನ್ನು ಅವಳಿಗೆ ಕಲಿಸಿದವನೇ ಆ ಗಂಡ, ಅಂಬರಾಯ. ಮೊದಲು ಕಲ್ಲನ್ನು ಮುಟ್ಟಿ ಶರಣಬಸವನನ್ನು ನೆನೆಯಬೇಕು. ಪದರಿಗೆ ಉಳಿ ಊರಿ, ಮೆಲ್ಲಗೆ ತಟ್ಟಿ, ಕಿವಿಗೊಡಬೇಕು. ಟೊಳ್ಳು ದನಿ ಬಂದ ಕಡೆ ಮೂರೇ ಪೆಟ್ಟು. ಹಾಸುಗಲ್ಲು ಇಡಿಯಾಗಿ ಏಳುತ್ತದೆ. ಆ ಕಿವಿಗೊಡುವ ಹೊತ್ತನ್ನು ಪಟ್ಟಿಯು ಖಾಲಿ ಕೂತ ಹೊತ್ತೆಂದು ಬರೆದುಕೊಳ್ಳುತ್ತಿತ್ತು.

ಎರಡು ಮಾರು ಆಚೆ ಹಮೀದಾಬಿ ಧಡಧಡ ಬಡಿಯುತ್ತಿದ್ದಳು. ಸುತ್ತ ಚೂರುಗಳ ಗುಡ್ಡೆ. ಏಳು ವರ್ಷ ಒಂದೇ ಬುತ್ತಿಯಲ್ಲಿ ಉಂಡ ಗೆಳತಿ. ಇಂದು ಅವಳ ಬಳೆಯ ಸದ್ದು ಕೇಳಿದರೂ ಜಗದೇವಿಯ ಹೊಟ್ಟೆ ಉರಿಯುತ್ತಿತ್ತು. ನಾಳೆಯಿಂದ ಅವಳು ನೆರಳಲ್ಲಿ, ತಾನು ಬಿಸಿಲಲ್ಲಿ.

“ಯಕ್ಕಾ, ಕೈ ಆಡಸಬೇ,” ಹಮೀದಾಬಿ ನಕ್ಕಳು. “ಕಲ್ಲಿಗಿ ಮುದ್ದ ಕೊಟ್ರ ಅಂಕ ಬರ್ತಾವೇನು?”

ಜಗದೇವಿ ಎದ್ದಳು. ಬೆಳಗಿನಿಂದ ಅವಳು ಎಬ್ಬಿಸಿದ ಹನ್ನೊಂದು ಹಾಸುಗಳು ಗೋಡೆಗೆ ಒರಗಿದ್ದವು. ಒಂದರಲ್ಲೂ ಬಿರುಕಿರಲಿಲ್ಲ. ದೊಡ್ಡ ಸುತ್ತಿಗೆ ಎತ್ತಿ ಮೊದಲನೆಯದರ ನಡುವಿಗೇ ಬೀಸಿದಳು.

“ಏ ಹುಚ್ಚಿ! ಮಾಲಕರ ಮಾಲು ಅದು!”

“ಫೋನ್ ನೋಡ್ರಿ ಮುಕಾದಮ್ರ! ಭಾಳ ಕೆಲಸ ಮಾಡಾಕತ್ತೀನಿ!”

ಎರಡನೆಯದು. ಮೂರನೆಯದು. ಸುತ್ತಿಗೆ ಕಸಿಯಲು ಬಂದ ಅಣವೀರನ ಮೊಣಕಾಲಿಗೆ ಚೂರು ಬಡಿಯಿತು. ಅವನು ಕುಂಟುತ್ತ ಹಿಂದೆ ಸರಿದ. ಒಂದೊಂದು ಹಾಸು ಒಡೆದಂತೆ ಅವನ ಕೈಯ ಫೋನಿನಲ್ಲಿ ಅಂಕ ಐವತ್ತಾಯಿತು, ಎಪ್ಪತ್ತಾಯಿತು. ಹಮೀದಾಬಿ ಓಡಿ ಬಂದು ಫೋನಿನೊಳಗೆ ಇಣುಕಿದಳು.

“ತೊಂಬತ್ತಾರು. ನಂದು ತೊಂಬತ್ತೈದು,” ಎಂದಳು. ಅವಳ ನಗೆ ಎಲ್ಲೋ ಹೋಗಿತ್ತು.

ಜಗದೇವಿ ಅಣವೀರನತ್ತ ನೋಡಲೇ ಇಲ್ಲ. ಹಮೀದಾಬಿಯ ಆ ಮುಖವನ್ನೇ ಕಣ್ತುಂಬ ನೋಡುತ್ತ, ಹತ್ತನೆಯ ಹಾಸುಗಲ್ಲಿನ ಮೇಲೆ ಸುತ್ತಿಗೆ ಎತ್ತಿದಳು.