ಮೂರನೇ ಮಹಡಿಯ ನಲವತ್ತೆಂಟು

ಮೆಟ್ಟಿಲಿನ ತಿರುವಿನಲ್ಲಿ ಬಿದ್ದದ್ದು ವೃಂದಾ. ಒಡೆದದ್ದು ಮಾತ್ರ ವಿಂಡೋಸ್ ಸೀಡಿ. ಆದರೂ ಚೆನ್ನೈನ ಗಿಂಡಿಯ ಆ ಪರೀಕ್ಷಾ ಕೇಂದ್ರದಲ್ಲಿ ಅವಳ ಸುತ್ತ ಸೇರಿದ ಜನವನ್ನು ನೋಡಿದ್ದರೆ ಯಾರೋ ಹೋಗೇಬಿಟ್ಟರು ಅನ್ನಬೇಕು. ಒಬ್ಬರು ನೀರು ತಂದರು, ಒಬ್ಬರು ಕುರ್ಚಿ ತಂದರು. ಮ್ಯಾನೇಜರ್ ಬದರಿನಾಥರಂತೂ ಊಟದ ಡಬ್ಬಿಯನ್ನು ತೆರೆದೇ ಬಿಟ್ಟು, ಎಂಜಲು ಕೈಯಲ್ಲೇ ಓಡಿ ಬಂದರು.

"ಎಷ್ಟು ಸಲ ಹೇಳಿದೀನಮ್ಮಾ! ನಿಂಗ್ಯಾಕೆ ಈ ಅಲೈಚ್ಚಲ್, ಈ ಹತ್ತಿ ಇಳಿಯೋ ಅಲೆದಾಟ?"

"ಕಾಲಿಗೇನೂ ಆಗಿಲ್ಲ ಸಾರ್. ಸೀಡಿ ಹೋಯ್ತು," ಎಂದಳು ವೃಂದಾ.

ಎರಡನೇ ವರ್ಷಕ್ಕೇ ಪೋಲಿಯೋ ಬಂದು ಅವಳ ಎಡಗಾಲು ಸೊರಗಿತ್ತು. ಹತ್ತುವಾಗ ಬಲಗೈಯಲ್ಲಿ ಕಂಬಿ, ಎಡಗೈಯಲ್ಲಿ ಎಡತೊಡೆ. ಬಲಗಾಲು ಮೊದಲು, ಎಡಗಾಲು ಆಮೇಲೆ. ಸೀಡಿಗಳ ಚೀಲ ಕೊರಳಲ್ಲಿ. ಹೀಗೆ ಏಳು ವರ್ಷ ಮೂರು ಮಹಡಿ ಹತ್ತಿ ಇಳಿದು ಕಂಪ್ಯೂಟರುಗಳನ್ನು ನೋಡಿಕೊಂಡಿದ್ದಳು. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲವೆಂದಲ್ಲ. ಅದರ ಮೇಲೆ 'ರಿಪೇರಿಯಲ್ಲಿದೆ' ಎಂದು ತೂಗುಹಾಕಿದ್ದ ಬೋರ್ಡಿಗೇ ಈಗ ರಿಪೇರಿ ಬೇಕಾಗಿತ್ತು.

ಮರುದಿನ ಶುಕ್ರವಾರ ಅವಳ ಮೇಜಿನ ಮೇಲೆ ಟೆಲಿಫೋನ್ ನಂಬರುಗಳ ಪಟ್ಟಿಯೊಂದು ಕಾದಿತ್ತು.

"ಸೋಮವಾರದಿಂದ ರಿಸೆಪ್ಷನ್ನಲ್ಲಿ ಕೂತ್ಕೋಮ್ಮಾ," ಎಂದರು ಬದರಿನಾಥರು. "ಏಸಿ ಗಾಳಿ ಬರತ್ತೆ. ಸುಮ್ಮ ಫೋನ್ ಎತ್ತಿದ್ರೆ ಆಯ್ತು."

ಬದರಿನಾಥರ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಕೆಟ್ಟ ಮನುಷ್ಯರಲ್ಲ. ವೃಂದಾಳ ತಂದೆಯ ಸ್ನೇಹಿತರು, ಅವಳ ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಎಲೆ ಹಾಕಿಸಿಕೊಂಡು ಉಣ್ಣುವವರು. ಆದರೆ ಆಫೀಸಿನಲ್ಲಿ ಅವರ ಬಾಯಿ ದೊಡ್ಡದು. ಯಾರು ತಪ್ಪು ಮಾಡಿದರೂ ಅವರ ಮನೆ ಇರುವ ಜಾಗದ ಹೆಸರು ಹಿಡಿದು ಬೈಯುವುದು ಅವರ ಪದ್ಧತಿ: "ಕಣ್ಣೇನು ತಾಂಬರಂನಲ್ಲಿ ಬಿಟ್ಟು ಬಂದ್ಯಾ?" ಈ ಬೈಗುಳ ವೇಳಚ್ಚೇರಿಗೆ ಹೋಗಿತ್ತು, ನುಂಗಂಬಾಕ್ಕಂಗೆ ಹೋಗಿತ್ತು, ಒಮ್ಮೆ ಎಣ್ಣೂರಿನ ತನಕವೂ ಹೋಗಿ ಬಂದಿತ್ತು. ವೃಂದಾಳ ತಿರುವಲ್ಲಿಕೇಣಿಗೆ ಮಾತ್ರ ಏಳು ವರ್ಷದಲ್ಲಿ ಒಂದು ದಿನವೂ ಹೋಗಿರಲಿಲ್ಲ. ಅವಳು ಏನು ತಪ್ಪು ಮಾಡಿದರೂ ಸಿಗುತ್ತಿದ್ದುದು "ಕಾಫಿ ಆಯ್ತಾಮ್ಮಾ?" ಅಷ್ಟೇ. ಬೈಗುಳಕ್ಕಿಂತ ಅದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

"ಮನೆಗೆ ಬಂದಾಗ ನೀವು ಮಾಮಾ, ಇಲ್ಲಿ ಸಾರ್," ಎಂದಳು ವೃಂದಾ. "ಸಾರ್ ಆಗಿ ಹೇಳಿ. ನನ್ನ ಕೆಲಸದಲ್ಲಿ ಏನು ತಪ್ಪಿದೆ?"

"ತಪ್ಪೇನಿಲ್ಲಮ್ಮಾ. ಮೂರನೇ ಮಹಡಿಗೆ ನಲವತ್ತೆಂಟು ಹೊಸ ಮೆಷಿನ್ ಬಂದಿದೆ. ಮಂಗಳವಾರ ಪರೀಕ್ಷೆ. ಒಂದೊಂದಕ್ಕೂ ಸೀಡಿ ಹಾಕ್ಬೇಕು, ಒಂದೊಂದರ ಮುಂದೂ ಕೂರ್ಬೇಕು. ನಿನ್ ಕೈಲಿ ಆಗತ್ತಾ?"

"ನನ್ನ ಕೈಲಿ ಆಗೋದೇ ಬೇಡ. ಯಾರೂ ಹತ್ತೋದೂ ಬೇಡ. ಕೆಳಗಿನ ಸರ್ವರ್ ಕಂಪ್ಯೂಟರಿಂದಲೇ ನಲವತ್ತೆಂಟಕ್ಕೂ ವಿಂಡೋಸ್ ಕಳಿಸ್ತೀನಿ. ಕೇಬಲ್ಲಿನ ಮೇಲೆ ಅದೇ ಹತ್ಕೊಂಡು ಹೋಗತ್ತೆ. ಪ್ರೇಮಮ್ಮ ಪವರ್ ಬಟನ್ ಒತ್ತಿ ಬಂದ್ರೆ ಸಾಕು." ಪ್ರೇಮಮ್ಮ ಎಂದರೆ ನೆಲ ಒರೆಸುವಾಕೆ. "ಸೋಮವಾರ ಊಟದ ಹೊತ್ತಿಗೆ ಆಗದಿದ್ರೆ ಈ ಪಟ್ಟಿ ಹಿಡ್ಕೊಂಡು ನಾನೇ ರಿಸೆಪ್ಷನ್ನಿಗೆ ಹೋಗ್ತೀನಿ. ಆಗ್ಬಿಟ್ರೆ, ಪಟ್ಟಿ ಬೇರೆಯವ್ರಿಗೆ ಕೊಡಿ."

ಬದರಿನಾಥರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಡ ಎನ್ನಲು ಅವರಿಗೆ ಮನಸ್ಸಾಗಲಿಲ್ಲ, ನಂಬಲೂ ಆಗಲಿಲ್ಲ.

ಶನಿವಾರ ಬೆಳಿಗ್ಗೆ ಅಂದಾನಿ ನಲವತ್ತೆಂಟರಲ್ಲಿ ಒಂದನ್ನು ಹೊತ್ತು ತಂದು, ಮೆಟ್ಟಿಲ ಕೆಳಗಿನ ಸರ್ವರ್ ಕೋಣೆಯಲ್ಲಿ ಇಳಿಸಿದ. ಅವನು ಮದ್ದೂರಿನ ಕಡೆಯವನು, ವೃಂದಾಳ ಜೊತೆಯ ಟೆಕ್ನಿಷಿಯನ್. ಚೆನ್ನೈಗೆ ಬಂದು ನಾಲ್ಕು ತಿಂಗಳಾಗಿತ್ತು. ಬದರಿನಾಥರ ಬಾಯಿಗೆ ಅವನ ವೇಳಚ್ಚೇರಿಯೇ ಈಗ ಖಾಯಂ.

"ಬುಡಕ್ಕ, ಯಾಕಿಷ್ಟು ತಲೆ ಕೆಡಿಸ್ಕತೀಯ? ನಾಳೆ ನಾನೇ ಬಂದು ಎಲ್ಲಕ್ಕೂ ಸೀಡಿ ಹಾಕ್ಬುಡ್ತೀನಿ. ಸಾಹೇಬ್ರಿಗೆ ನೀನೇ ಮಾಡ್ದೆ ಅಂದ್ಬುಡಾನ."

"ನೀನೂ ಮಾಮಾ ಆಗಬೇಡ ಅಂದಾನಿ."

ಅವನು ಕೇಬಲ್ ಸಿಕ್ಕಿಸಿದ. ಮೆಷಿನ್ ಎದ್ದಿತು, ಸರ್ವರನ್ನು ಹುಡುಕಿ ಹಿಡಿಯಿತು, ವಿಂಡೋಸ್ ಹಾಕುವ ನೀಲಿ ಪರದೆ ಬಂತು. ವೃಂದಾ ಕುರ್ಚಿಯ ತುದಿಗೆ ಸರಿದಳು. ಅಷ್ಟರಲ್ಲಿ ಎಲ್ಲವೂ ನಿಂತು, ಪರದೆಯ ಮೇಲೆ ಎರಡು ಸಾಲು ಮೂಡಿದವು. ಈ ಹೊಸ ಮೆಷಿನ್ನಿನ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಸರ್ವರಿನಲ್ಲಿಲ್ಲ ಎಂದು ಅದರ ತಾತ್ಪರ್ಯ. ಸರ್ವರಿನಲ್ಲಿದ್ದುದೆಲ್ಲ ಹಳೆಯ ಕಾರ್ಡುಗಳ ಡ್ರೈವರುಗಳು. ಇದೋ, ಈ ವರ್ಷ ಹುಟ್ಟಿದ ಕಾರ್ಡು.

"ಡ್ರೈವರ್ ಸಿಗ್ತಿಲ್ಲ," ಎಂದಳು.

ಬಾಗಿಲ ಹತ್ತಿರ ಹಾದು ಹೋಗುತ್ತಿದ್ದ ಬದರಿನಾಥರು ತಟ್ಟನೆ ಒಳಗೆ ಬಗ್ಗಿದರು. "ಯಾಕಮ್ಮಾ, ನಿನ್ನ ಆಟೋದವನು ಬರ್ಲಿಲ್ವಾ? ಇರು, ಬೇರೆ ಡ್ರೈವರಿಗೆ ಹೇಳ್ತೀನಿ."

ಅಂದಾನಿ ಗೋಡೆಯ ಕಡೆ ತಿರುಗಿ ಕೆಮ್ಮಿದ. ವೃಂದಾಳಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಏಳು ವರ್ಷದ ಮೇಲೂ ತನ್ನ ಬಾಯಿಂದ ಬಿದ್ದ ಮಾತೆಲ್ಲ ಇವರಿಗೆ ಕಾಲಿನ ವಿಷಯವೇ ಆಗಿ ಕೇಳಿಸುತ್ತದಲ್ಲ!

ಡ್ರೈವರಿನ ಸೀಡಿ ಮೆಷಿನ್ ಬಂದ ರಟ್ಟಿನ ಪೆಟ್ಟಿಗೆಯಲ್ಲಿರಬೇಕಿತ್ತು. ಪೆಟ್ಟಿಗೆಗಳು ಗುರುವಾರವೇ ಹಳೇ ಸಾಮಾನಿನ ಕಾಯಲಾನ್ ಅಂಗಡಿಗೆ ಹೋಗಿದ್ದವು. ಅಂದಾನಿ ಬೈಕ್ ಹತ್ತಿ ಹೋಗಿ, ಒಂದು ಗಂಟೆ ರಟ್ಟಿನ ರಾಶಿ ಕೆದಕಿ, ತಲೆ ತುಂಬ ಥರ್ಮಕೋಲ್ ಪುಡಿ ಅಂಟಿಸಿಕೊಂಡು ಬಂದ. ಕೈಯಲ್ಲಿ ಒಂದೇ ಒಂದು ಸೀಡಿ ಇತ್ತು. ವೃಂದಾ ಅದರಲ್ಲಿದ್ದ ಡ್ರೈವರ್ ಫೈಲುಗಳನ್ನು ಸರ್ವರಿನೊಳಕ್ಕೆ ಇಳಿಸಿದಳು. ಮೆಷಿನ್ ಮತ್ತೆ ಎದ್ದಿತು. ಮತ್ತೆ ಅದೇ ಎರಡು ಸಾಲು.

ಮೂರು ಸಲ ಮಾಡಿದಳು. ಮೂರು ಸಲವೂ ಅದೇ. ಗಂಟೆ ನಾಲ್ಕಾಗಿತ್ತು. ಅಂದಾನಿ ಸದ್ದು ಮಾಡದೆ ಸೀಡಿಗಳ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

"ಅದನ್ನ ಮುಟ್ಟಬೇಡ," ಎಂದಳು ವೃಂದಾ. "ಫೈಲ್ ಇದೆ. ನಮ್ಮ ಕಣ್ಣೆದುರಿಗೇ ಇದೆ. ಆದ್ರೂ ಇದು ಇಲ್ಲ ಅನ್ನತ್ತೆ. ಅಂದ್ರೆ ನೋಡ್ದೇನೇ ಇಲ್ಲ ಅಂತಿದೆ."

ಮನೆಗೆ ಸೊಸೆ ಬಂದು ವರ್ಷವಾದರೂ ರೇಷನ್ ಅಂಗಡಿಯವನು ಹಳೆಯ ಪಟ್ಟಿ ನೋಡಿ ಅಂಥವರು ಯಾರೂ ಇಲ್ಲ ಅನ್ನುವುದಿಲ್ಲವೆ, ಹಾಗಾಗಿತ್ತು. ಸರ್ವರ್ ತಾನು ಹಿಂದೆ ಬರೆದಿಟ್ಟುಕೊಂಡ ಪಟ್ಟಿಯನ್ನೇ ಓದುತ್ತಿತ್ತು. ಅವಳು ಆ ಹಳೆಯ ಪಟ್ಟಿಯನ್ನು ಹುಡುಕಿ ಅಳಿಸಿದಳು. ವಿಂಡೋಸ್ ಕಳಿಸುವ ಸರ್ವೀಸನ್ನು ನಿಲ್ಲಿಸಿ ಮತ್ತೆ ಹೊರಡಿಸಿದಳು. ಮೆಷಿನ್ನಿನ ಗುಂಡಿ ಒತ್ತಿದಳು.

ಆ ಎರಡು ಸಾಲು ಬರಲಿಲ್ಲ. ಬದಲಿಗೆ ಹಳದಿ ಪಟ್ಟಿಯೊಂದು ಹುಟ್ಟಿ ಬಲಕ್ಕೆ ತೆವಳತೊಡಗಿತು. ಎರಡು ಪರ್ಸೆಂಟ್. ಐದು. ಹನ್ನೊಂದು.

"ಅಕ್ಕೋ!" ಎಂದು ಅಂದಾನಿ ಕೂಗಿದ ಕೂಗಿಗೆ ರಿಸೆಪ್ಷನ್ನಿನವರು ಎದ್ದು ನಿಂತರು.

ವೃಂದಾ ಮಾತ್ರ ಏಳಲಿಲ್ಲ. ಶುರುವಿನಲ್ಲಿ ಒಂದು ಕೀ ಒತ್ತು ಎಂದು ಮೆಷಿನ್ ಕೇಳುತ್ತಿತ್ತು. ಅದನ್ನೂ ಕೇಳದಂತೆ, ಹೆಸರು, ಸಮಯ, ಪಾಸ್‌ವರ್ಡು ಯಾವುದನ್ನೂ ಯಾರನ್ನೂ ಕೇಳದಂತೆ, ಎಲ್ಲ ಪ್ರಶ್ನೆಗೂ ಉತ್ತರವನ್ನು ಮೊದಲೇ ಬರೆದಿಟ್ಟು ಆಮೇಲೆ ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಪ್ರೇಮಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ನಿಂತಳು. ಒಂದು ಸಾಲು ಒತ್ತಬೇಕು, ಐದು ನಿಮಿಷ ಬಿಟ್ಟು ಇನ್ನೊಂದು ಸಾಲು ಒತ್ತಬೇಕು, ಹೀಗೆ ಆರು ಸಾಲು ಎಂದು ವೃಂದಾ ತಮಿಳಿನಲ್ಲಿ ಹೇಳಿಕೊಟ್ಟಳು.

"ಇವ್ಳೋದಾನಾ?" ಎಂದಳು ಪ್ರೇಮಮ್ಮ. ಇಷ್ಟಕ್ಕೆ ಇಷ್ಟೊಂದು ಗಲಾಟೆಯಾ ಎಂಬ ಮುಖ ಮಾಡಿ ಹತ್ತಿ ಹೋದಳು. ಅವಳ ಹಿಂದೆಯೇ ಬದರಿನಾಥರೂ ಹತ್ತಿದರು.

ಸರ್ವರಿನ ಪರದೆಯ ಮೇಲೆ ಮೆಷಿನ್ನುಗಳ ಹೆಸರು ಒಂದೊಂದಾಗಿ ಬರತೊಡಗಿದವು. ನಾಲ್ಕು, ಎಂಟು, ಹದಿನೈದು. ಆಮೇಲೆ ಅವಳು ಎಣಿಸುವುದನ್ನು ಬಿಟ್ಟುಬಿಟ್ಟಳು. ಕಣ್ಣು ಮಂಜಾಗಿತ್ತು. ಹನ್ನೊಂದೂವರೆಗೆ ತೊಡೆಯ ಮೇಲೆ ಕೈಯೂರಿ ಎದ್ದಳು.

"ಎಲ್ಲಿಗಕ್ಕ? ಎಲ್ಲ ಇಲ್ಲೇ ಕಾಣ್ತದಲ್ಲ?" ಎಂದ ಅಂದಾನಿ.

"ನೋಡ್ಬೇಕು."

ಕೊರಳಲ್ಲಿ ಚೀಲವಿರಲಿಲ್ಲ. ಬಲಗಾಲು, ಎಡಗಾಲು. ಬಿದ್ದ ತಿರುವಿನಲ್ಲಿ ಒಂದು ಗಳಿಗೆ ನಿಂತು ಮುಖ ಒರೆಸಿಕೊಂಡಳು. ಅರವತ್ತಾರು ಮೆಟ್ಟಿಲು. ಹತ್ತಲೇಬೇಕಾದ ಕೆಲಸ ಯಾವುದೂ ಇಲ್ಲದೆ ಅವಳು ಅವನ್ನು ಹತ್ತಿದ್ದು ಅದೇ ಮೊದಲು.

ಮೂರನೇ ಮಹಡಿಯ ಹಾಲಿನಲ್ಲಿ ಆರು ಸಾಲು ಪರದೆಗಳು ಬೆಳಗಿದ್ದವು. ಒಂದರ ಮುಂದೆಯೂ ಮನುಷ್ಯರಿಲ್ಲ. ಕೆಲವು ಆಗಲೇ ಮುಗಿಸಿದ್ದವು, ಕೆಲವು ಇನ್ನೂ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಮೂರನೇ ಸಾಲಿನ ತಲೆಯಲ್ಲಿ, ಹದಿನೇಳನೆಯದರ ಮುಂದೆ, ಬದರಿನಾಥರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅದರ ಪರದೆ ಕಪ್ಪಗಿತ್ತು, ಅದರಲ್ಲಿ ಬಿಳಿಯ ಒಂದೇ ಸಾಲು.

ಅವರು ತಿರುಗಿ ನೋಡಿದರು.

"ಏನಿದು? 'ಕೇಬಲ್ ನೋಡು' ಅಂತ ಇದೇ ಬರ್ಕೊಂಡು ಒಂದು ಗಂಟೆಯಿಂದ ನಿಂತಿದೆ! ಕೆಳಗೆ ಎಣಿಸಿ ನೋಡೋಕೆ ಏನಾಗಿತ್ತು? ನಾಳೆ ಪರೀಕ್ಷೆ ಇಟ್ಕೊಂಡು! ಕಣ್ಣೇನು ತಿರುವಲ್ಲಿಕೇಣಿಲಿ ಬಿಟ್ಟು ಬಂದ್ಯಾ?"

ಆಡಿದ ಮೇಲೆ ಅವರೇ ಬೆಚ್ಚಿದಂತೆ ಕನ್ನಡಕ ಸರಿಪಡಿಸಿಕೊಂಡರು. ನೀರಿನ ಬಕೆಟ್ ಹಿಡಿದಿದ್ದ ಪ್ರೇಮಮ್ಮನೂ ನಿಂತಲ್ಲೇ ನಿಂತಳು.

ವೃಂದಾಳ ಎದೆ ಇನ್ನೂ ಏದುಸಿರಿಗೆ ಏರಿಳಿಯುತ್ತಿತ್ತು. ಅಷ್ಟು ಸಂತೋಷ ಅವಳಿಗೆ ಶನಿವಾರ ಹಳದಿ ಪಟ್ಟಿ ತೆವಳಿದಾಗಲೂ ಆಗಿರಲಿಲ್ಲ.

"ಇಲ್ಲ ಸಾರ್. ತಪ್ಪಾಯ್ತು. ಈಗ ನೋಡ್ತೀನಿ," ಎಂದಳು.

ಮೇಜಿನ ಅಂಚು ಹಿಡಿದು ಮೆಲ್ಲನೆ ನೆಲಕ್ಕೆ ಕುಳಿತಳು. ಬದರಿನಾಥರ ಕೈ ತಾನಾಗಿ ಮುಂದಕ್ಕೆ ಬಂತು. ಬಂದದ್ದನ್ನು ಅವರು ಹಿಂದಕ್ಕೆ ತೆಗೆದು ಜೇಬಿನಲ್ಲಿ ಇಟ್ಟುಕೊಂಡರು. ವೃಂದಾ ಮೇಜಿನಡಿ ತೋಳು ಚಾಚಿ, ಸಡಿಲಾಗಿದ್ದ ಕೇಬಲ್ಲನ್ನು ಬೆರಳಲ್ಲಿ ತಡಕಿ ಒತ್ತಿದಳು. ಟಕ್ ಎಂದಿತು. ಮೆಷಿನ್ನಿನ ಹಿಂದೆ, ಧೂಳೂ ಕೂರದ ಹೊಸ ಕಾರ್ಡಿನ ಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು ಹಸಿರು ದೀಪ ಹತ್ತಿಕೊಂಡಿತು.