ಕೆರೆಮನೆಯ ಹುಳುಕು

ನನಗೊಬ್ಬಳು ಸವತಿ ಇದ್ದಾಳೆ ಅಂತ ನಾನು ಊರಿಗೆಲ್ಲ ಹೇಳಿಕೊಂಡು ಬಂದವಳು. ಅವಳಿರೋದು ನಮ್ಮ ತೋಟದ ಕೆಳಗೆ, ಕೆರೆ ಏರಿಯ ಪಕ್ಕ. ಎರಡು ಕೋಣೆ, ಒಂದು ಜಗಲಿ, ಮೇಲೆ ಮಂಗಳೂರು ಹೆಂಚು. ನಮ್ಮೆಜಮಾನರನ್ನು ಸಾಕಿ ಬೆಳೆಸಿದ ಚಿಕ್ಕಪ್ಪ ಕಟ್ಟಿಸಿದ್ದು. ಮಕ್ಕಳಿಲ್ಲದ ಅವರು ಸಂಜೆಯಾದರೆ ಗಾಳ ಹಾಕಿಕೊಂಡು ಅಲ್ಲೇ ಕೂತಿರುತ್ತಿದ್ದರಂತೆ. ಹೋಗುವಾಗ ಮನೆಯನ್ನು ಇವರ ಹೆಸರಿಗೆ ಬರೆದು ಹೋದರು. ಬಾಳೂರು ಕಡೆ ಮಳೆ ಹೇಗಿರುತ್ತೆ ಅಂತ ಗೊತ್ತಿದ್ದವರು ಯಾರಾದರೂ ನೀರಿನ ಪಕ್ಕ ಮಣ್ಣಿನ ಗೋಡೆ ಎಬ್ಬಿಸ್ತಾರಾ, ನೀವೇ ಹೇಳಿ.

ಮದುವೆಯಾಗಿ ಬಂದಾಗಿನಿಂದ ನೋಡ್ತಾ ಇದ್ದೇನೆ. ಕಾಫಿ ಕುಯ್ಲು ಮುಗಿದು, ಹೂಮಳೆ ಬಂದು, ಉಸಿರು ಬಿಡೋಕೆ ಒಂದಿಷ್ಟು ಪುರುಸೊತ್ತು ಸಿಕ್ಕಿತು ಅನ್ನುವಾಗ ಇವರು ಏಣಿ ಹೊತ್ತುಕೊಂಡು ಕೆರೆಮನೆಗೆ ಹೊರಟುಬಿಡುತ್ತಾರೆ. ಹೆಂಚು ಒಂದೊಂದಾಗಿ ತೆಗೆದು ಪಾಚಿ ಕೆರೆಯೋದು, ಒಡೆದದ್ದನ್ನು ಬದಲಾಯಿಸೋದು, ಗೆದ್ದಲು ಹಿಡಿಯಬಾರದು ಅಂತ ಮಾಡಿನ ಮರಕ್ಕೆಲ್ಲ ಗೇರೆಣ್ಣೆ ಬಳಿಯೋದು, ಆಮೇಲೆ ಗೋಡೆಗೆ ಸುಣ್ಣ. ಮಳೆಗಾಲ ಅಷ್ಟನ್ನೂ ತೊಳೆದುಕೊಂಡು ಹೋಗುತ್ತೆ. ಮುಂದಿನ ವರ್ಷ ಮತ್ತೆ ಅದೇ ಕಥೆ. ಗೇರೆಣ್ಣೆ ಹತ್ತಿದ ಇವರ ಬನಿಯನ್ ಉಜ್ಜಿ ಉಜ್ಜಿ ನನ್ನ ಕೈ ಸವೆದು ಹೋಯಿತು. ಊಟಕ್ಕಾದರೂ ಮನೆಗೆ ಬರ್ತಾರಾ ಅಂದರೆ ಅದೂ ಇಲ್ಲ. ಬುತ್ತಿ ಹಿಡಿದುಕೊಂಡು, ದಾರಿಯುದ್ದ ಬೈದುಕೊಂಡು ನಾನೇ ಹೋಗಬೇಕು. ಹೋಗಿ ನೋಡಿದರೆ ಮಹಾರಾಯರು ಮಾಡಿನ ನೆತ್ತಿಯಲ್ಲಿ ಸುಮ್ಮನೆ ಕೂತಿರುತ್ತಾರೆ.

"ಅಲ್ಲೇನ್ರೀ ಮಾಡ್ತಾ ಇದ್ದೀರಿ?" ಅಂದರೆ, "ಗಾಳಿ ಚೆನ್ನಾಗಿದೆ ಮಾರಾಯ್ತಿ" ಅಂತಾರೆ. ಮೈಯೆಲ್ಲ ಉರಿದುಹೋಗುತ್ತೆ ನನಗೆ.

ಹೋದ ದೀಪಾವಳಿ ಹೊತ್ತಿಗೆ ಇವರಿಗೆ ಎದೆನೋವು ಬಂತು. ಸ್ಟೆಂಟ್ ಹಾಕಿಸಿಕೊಂಡು ಬಂದೆವು. ಇನ್ನು ಏಣಿ ಹತ್ತೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದು ನನ್ನ ಮುಖ ನೋಡಿಕೊಂಡು. ಹೆಂಚಿನ ಮಾಡು ಹತ್ತುವ ಜನ ಈಗ ಸಿಗೋದಿಲ್ಲ. ಸಿಕ್ಕವರು ಶೀಟ್ ಹಾಕ್ಸಿ ಅಂತಾರೆ. ಹೆಂಚು ಹಾಗೇ ಬಿಟ್ಟರೆ ಈ ಮಳೆಗಾಲದಲ್ಲಿ ನೀರು ಗೋಡೆಗಿಳಿದು ಮನೆ ಕುಸಿಯೋದು ಖಂಡಿತ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಮಗಳು ಗಗನಾ ಅದಕ್ಕೊಂದು ದಾರಿ ಹುಡುಕಿದಳು. ಅವಳ ಜೊತೆ ಓದಿದ ಶಶಿಕಿರಣ್ ಅಂತ ಒಬ್ಬ ಕಳಸದ ಹತ್ತಿರ ಹೋಂಸ್ಟೇ ನಡೆಸ್ತಾನೆ. ಅವನಿಗೆ ಲೀಸಿಗೆ ಕೊಟ್ಟುಬಿಡಿ, ರಿಪೇರಿ ಎಲ್ಲ ಅವನೇ ಮಾಡಿಸ್ಕೊಳ್ತಾನೆ ಅಂದಳು.

ನನಗೆ ಹಾಲು ಕುಡಿದಷ್ಟು ಸಂತೋಷ ಆಯಿತು. ಇವರ ಹತ್ತಿರ ಜಗಳ ಆಡಬೇಕಾಗುತ್ತೆ ಅಂತ ಸೊಂಟ ಕಟ್ಟಿಕೊಂಡೇ ಹೋದೆ. ಇವರು ಜಗಳಾನೇ ಆಡಲಿಲ್ಲ. "ಆಗ್ಲಿ ಮುತ್ತು, ನಿಂಗೂ ಕಷ್ಟ ತಪ್ಪುತ್ತೆ" ಅಂದು ಹೊದಿಕೆ ಎಳೆದುಕೊಂಡು ಮಲಗಿದರು. ಆಮೇಲೆ ಯಾಕೋ ನನಗೇ ಊಟ ಸೇರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಶಶಿಕಿರಣ್ ಜೀಪಿನಲ್ಲಿ ಬಂದ. ಒಳ್ಳೆ ಹುಡುಗ, ಬಂದವನೇ ಕಾಲಿಗೆ ನಮಸ್ಕಾರ ಮಾಡಿದ. ಮೂವರೂ ಕೆರೆಮನೆಗೆ ಇಳಿದೆವು. ನೋಡ್ತೀನಿ, ಇವರು ನಸುಕಿನಲ್ಲೇ ಒಂದು ಸಲ ಬಂದು ಬೀಗಕ್ಕೆ ಎಣ್ಣೆ ಬಿಟ್ಟು, ಜಗಲಿಯ ಕೆಂಪು ನೆಲ ಒರೆಸಿ ಇಟ್ಟಿದ್ದಾರೆ. ಹೆಣ್ಣು ನೋಡೋಕೆ ಬರ್ತಾರೆ ಅಂದರೆ ಮನೆ ಚೊಕ್ಕಟ ಮಾಡ್ತೀವಲ್ಲ, ಹಾಗೆ.

"ಸೂಪರ್ ಜಾಗ ಅಂಕಲ್" ಅಂದ ಶಶಿಕಿರಣ್. "ಈ ಹೆಂಚೆಲ್ಲ ತೆಗೆದು ಶೀಟ್ ಹೊದಿಸೋಣ. ಕೆರೆ ಕಡೆ ಗೋಡೆ ಒಡೆದು ಪೂರ್ತಿ ಗಾಜು ಕೂರ್ಸೋಣ. ಜಗಲಿ ಕಿತ್ತು, ನೀರಿನ ಮೇಲೆ ಬರೋ ಹಾಗೆ ಒಂದು ಕಾಂಕ್ರೀಟ್ ಕಟ್ಟೆ ಹಾಕಿದ್ರೆ ಗೆಸ್ಟ್‌ಗಳು ಮುಗಿಬೀಳ್ತಾರೆ."

ಎಲ್ಲಕ್ಕೂ ಇವರು "ಹೂಂ, ಹೂಂ" ಅಂದರು. ಅನ್ನುತ್ತಾ ಹೆಗಲ ಮೇಲಿನ ಟವೆಲ್ ತೆಗೆದು ಕಿಟಕಿ ಕಟ್ಟೆ ಒರೆಸಿದರು. ಅದು ಕೆರೆ ಕಡೆ ಗೋಡೆಯ ಕಿಟಕಿ, ಆ ಹುಡುಗ ಒಡೆಯುತ್ತೇನೆ ಅಂದ ಗೋಡೆಯದ್ದು. ಧೂಳೇನೂ ಇರಲಿಲ್ಲ. ಒಂದು ಸಲ ಒರೆಸಿದವರು ಮತ್ತೊಂದು ಸಲ ಒರೆಸಿದರು. ಆಗ ಹೊಳೆಯಿತು ನನಗೆ. ಇಷ್ಟು ವರ್ಷ ನಾನು ಬೈದದ್ದನ್ನೆಲ್ಲ ಈ ಮನುಷ್ಯ ನಿಜ ಅಂತ ನಂಬಿಕೊಂಡು, ನನಗೋಸ್ಕರ ತನ್ನ ಮನೆ ಬಿಟ್ಟುಕೊಡ್ತಾ ಇದ್ದಾರೆ.

"ಬೇರೆ ಏನಾದ್ರೂ ಪ್ರಾಬ್ಲಂ ಇದ್ರೆ ಮೊದ್ಲೇ ಹೇಳ್ಬಿಡಿ ಅಂಕಲ್" ಅಂದ ಹುಡುಗ.

"ಅಂಥದ್ದೇನಿಲ್ಲಪ್ಪ" ಅಂದರು ಇವರು.

"ಯಾಕಿಲ್ಲ?" ಅಂದೆ ನಾನು. "ಕೂತ್ಕೊಳಪ್ಪ, ಹೇಳ್ತೀನಿ. ಜೂನಲ್ಲಿ ಈ ಬಾಗಿಲು ನೀರು ಕುಡಿದು ಊದ್ಕೊಂಡ್ರೆ ದೀಪಾವಳಿ ತನಕ ಮುಚ್ಚೋಕೆ ಬರಲ್ಲ. ಗಾಳಿ ತಿರುಗಿದ್ರೆ ಒಲೆ ಹೊಗೆ ಪೂರ್ತಿ ಮನೆ ಒಳಗೇ. ಆ ಹಲಸಿನ ಮರ ನೋಡಿದ್ಯಾ, ಕೋತಿಗಳು ಅಲ್ಲಿಂದ ಸೀದಾ ಮಾಡಿಗೆ ಹಾರ್ತಾವೆ. ನಿನ್ನ ಶೀಟ್ ಮೇಲೆ ಹಾರಿದ್ರೆ ನಿನ್ನ ಗೆಸ್ಟ್‌ಗಳು ಹಾಸಿಗೆ ಬಿಟ್ಟು ಓಡ್ತಾರೆ. ಕೆರೆ ಕೋಡಿ ಬಿದ್ರೆ ನೀರು ಜಗಲಿ ಮೆಟ್ಟಿಲಿಗೆ ಬರುತ್ತೆ. ನಿನ್ನ ಕಾಂಕ್ರೀಟ್ ಕಟ್ಟೇಲಿ ಮೀನು ಆಡ್ಕೊಂಡಿರ್ತಾವೆ. ಇಂಬಳದ ವಿಷ್ಯ ಹೇಳೋದೇ ಬೇಡ, ಕಾಲಿಗೆ ಹತ್ತಿದ್ದು ರಕ್ತ ಕುಡಿದು ಹೊಟ್ಟೆ ತುಂಬಿದ ಮೇಲೇ ಗೊತ್ತಾಗೋದು. ಆಮೇಲೆ ಅಟ್ಟದಲ್ಲಿ ಒಂದು ಕೇರೆಹಾವು ಇದೆ. ಪಾಪ, ಯಾರಿಗೂ ಏನೂ ಮಾಡಲ್ಲ. ಇಲಿ ತಿಂದ್ಕೊಂಡು ಅದರ ಪಾಡಿಗೆ ಅದು ಇರುತ್ತೆ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಬೈದು ಬೈದು ನನಗೆ ಎಲ್ಲ ಬಾಯಿಪಾಠ ಆಗಿತ್ತು, ತಡವರಿಸದೆ ಬಂತು. ಶಶಿಕಿರಣ್ ಅಟ್ಟದ ಕಡೆ ನೋಡುತ್ತಾ ನೋಡುತ್ತಾ ಜಗಲಿಯಿಂದ ಕೆಳಗಿಳಿದಿದ್ದ.

"ಮನೇಲಿ ಒಂದು ಮಾತು ಕೇಳಿ ಫೋನ್ ಮಾಡ್ತೀನಿ ಆಂಟಿ" ಅಂದ.

"ನಿಧಾನಕ್ಕೆ ಮಾಡಪ್ಪ, ನಮಗೇನೂ ಅವಸರ ಇಲ್ಲ" ಅಂದೆ. ಬರಿಗೈಲಿ ಕಳಿಸೋಕೆ ಮನಸ್ಸು ಬರಲಿಲ್ಲ, ಒಂದು ಬಾಟಲಿ ಜೇನುತುಪ್ಪ ಕೊಟ್ಟು ಕಳಿಸಿದೆ.

ಜೀಪಿನ ಸದ್ದು ಅಡಗಿದ ಮೇಲೆ ಇವರು ಕೇಳಿದರು, "ಅಷ್ಟೊಂದು ಹುಳುಕು ಇದ್ಯಾ ಮುತ್ತು?"

"ಇನ್ನೂ ಇದೆ. ಆ ಹುಡುಗನಿಗೆ ಕೇಳೋಕೆ ಪುರುಸೊತ್ತಿರಲಿಲ್ಲ."

"ಮತ್ತೆ ಮಳೆಗಾಲಕ್ಕೆ ಹೆಂಚು? ಯಾರು ಹತ್ತೋದು?" ಅವರ ದನಿ ಸಣ್ಣಗಾಗಿತ್ತು.

"ತವರಲ್ಲಿ ನಾನು ಕಾಳುಮೆಣಸಿನ ಏಣಿ ಹತ್ತಿದವಳು. ನಿಮ್ಮ ಈ ಮಾಡು ಯಾವ ಲೆಕ್ಕ?" ಅಂದೆ. ಏಣಿ ಹತ್ತಿ ಎಷ್ಟು ವರ್ಷ ಆಯಿತು ಅನ್ನೋದನ್ನು ಇವರಿಗೆ ಯಾಕೆ ಹೇಳಲಿ.

ಮಾರನೇ ದಿನ ಸೀರೆ ಎತ್ತಿ ಕಟ್ಟಿ, ಮೇಲೆ ಇವರ ಹಳೇ ಶರ್ಟ್ ತೊಟ್ಟುಕೊಂಡು ಹತ್ತಿದೆ. ಇವರು ಕೆಳಗೆ ಏಣಿ ಅಪ್ಪಿಕೊಂಡು ನಿಂತಿದ್ದರು. ಮರ ಇರೋ ಕಡೆ ಕಾಲಿಡು, ಹೆಂಚಿನ ನಡುವೆ ತುಳೀಬೇಡ, ಕೆಳಗೆ ನೋಡ್ಬೇಡ ಅಂತ ಒಂದೇ ಸಮ ಹೇಳುತ್ತಿದ್ದರು. ಹೇಗೋ ನೆತ್ತಿ ಮುಟ್ಟಿ, ಕಾಲು ಎರಡೂ ಕಡೆ ಹಾಕಿ ಕೂತು ತಲೆ ಎತ್ತಿದೆ.

ಕೆಳಗಿನಿಂದ ನಮ್ಮ ದೊಡ್ಡಮನೆ ಕಾಣೋದೇ ಇಲ್ಲ, ಕಾಫಿ ಗಿಡ ಅಡ್ಡ. ಮೇಲೆ ಕೂತರೆ ಸಿಲ್ವರ್ ಓಕ್ ಮರಗಳ ಸಂದಿಯಲ್ಲಿ ಸೀದಾ ನಮ್ಮ ಹಿತ್ತಿಲ ಬಾಗಿಲು ಕಾಣುತ್ತೆ. ನನ್ನ ಬಟ್ಟೆ ಒಗೆಯೋ ಕಲ್ಲು ಕಾಣುತ್ತೆ. ಅಲ್ಲಿಂದ ಏರಿ ತನಕ, ನಾನು ಬುತ್ತಿ ಹಿಡಿದು ಬರುವ ದಾರಿ ಉದ್ದಕ್ಕೂ ಕಾಣುತ್ತೆ.

"ರೀ, ಇಲ್ಲಿ ಕೂತು ನನ್ನನ್ನು ನೋಡ್ತಾ ಇದ್ರಾ?" ಅಂತ ಕೇಳಿದೆ.

ಇವರು ಏಣಿಗೆ ಕಟ್ಟಿದ ಹಗ್ಗ ಸರಿಮಾಡಿದರು. "ಬೈಯೋದು ಅಲ್ಲಿಗೆ ಕೇಳಿಸ್ತಿರಲಿಲ್ಲ. ಕೈ ಬೀಸ್ಕೊಂಡು ಬರೋದು ಮಾತ್ರ ಕಾಣೋದು. ಚೆನ್ನಾಗಿರೋದು" ಅಂದರು.

ನನಗೆ ಹೆಂಚು ಮಂಜಾಗಿ ಕಾಣಿಸಿತು. ಮೂಗೊರೆಸಿಕೊಂಡು, "ಏಣಿ ಗಟ್ಟಿ ಹಿಡ್ಕೊಳಿ, ಮಾತು ಸಾಕು" ಅಂತ ಗದರಿಸಿದೆ.

ಮಧ್ಯಾಹ್ನ ಬುತ್ತಿ ತರೋಕೆ ಅವರೇ ಮನೆಗೆ ಹೋದರು. ಬುತ್ತಿ ಹಿಡಿದು ಹಿತ್ತಿಲ ಬಾಗಿಲು ದಾಟಿ ಹೊರಬಂದದ್ದು ಕಂಡಿತು. ಇಳಿಜಾರಲ್ಲಿ ಒಂದು ಕಡೆ ನಿಂತು ಉಸಿರು ತಗೊಂಡರು. ಮತ್ತೆ ಹೊರಟರು. ಏರಿಗೆ ಬಂದು ಮುಟ್ಟುವ ತನಕ ನಾನು ಹೆಂಚು ಮುಟ್ಟಲಿಲ್ಲ.

"ಇದೇನು, ನಾನು ಹೋದ ಮೇಲೆ ಒಂದು ಹೆಂಚೂ ಆಗಿಲ್ವಲ್ಲ. ಇಷ್ಟು ಹೊತ್ತು ಏನು ಮಾಡ್ತಿದ್ದೆ?" ಅಂದರು ಕೆಳಗೆ ಬಂದು ನಿಂತು.

"ಗಾಳಿ ಚೆನ್ನಾಗಿತ್ತು" ಅಂದೆ.